ಸ್ರೆಬ್ರೆನಿತ್ಸಾ: ತೀರ್ಪು ಬಂತು, ನೆನಪಿನ ಜಗಳ ಮುಗಿಯಲಿಲ್ಲ

ಬೋಸ್ನಿಯಾ ದೇಶದ ಪೂರ್ವ ಭಾಗದಲ್ಲಿ ಪೊಟೊಚಾರಿ ಎಂಬ ಊರಿದೆ. ಅಲ್ಲಿನ ಖಬರ್‌ಸ್ತಾನದಲ್ಲಿ ಪ್ರತಿ ವರ್ಷ ಜುಲೈ 11ರಂದು ಸಾವಿರಾರು ಜನ ಸೇರಿ ಜನಾಝ ನಮಾಝ್ ನಿರ್ವಹಿಸುತ್ತಾರೆ. ಹಸಿರು ಬಟ್ಟೆ ಹೊದಿಸಿದ ಪೆಟ್ಟಿಗೆಗಳನ್ನು ಸಾಲಾಗಿ ಇಡಲಾಗುತ್ತದೆ. ಆ ಪೆಟ್ಟಿಗೆಗಳಲ್ಲಿರುವವರು ತೀರಿಕೊಂಡು ಕೆಲವು ದಿನಗಳಾಗಿದ್ದಲ್ಲ, 1995ರ ಜುಲೈ ತಿಂಗಳಲ್ಲೇ ಅವರ ಪ್ರಾಣ ಹೋಗಿತ್ತು. ಅವರ ಎಲುಬುಗಳು ಮಾತ್ರ ಈಗ ಒಂದೊಂದಾಗಿ ಸಿಗುತ್ತಿವೆ. ಕೆಲವು ಪೆಟ್ಟಿಗೆಗಳಲ್ಲಿ ಇಡೀ ದೇಹವಿಲ್ಲ, ನಾಲ್ಕಾರು ಎಲುಬುಗಳಷ್ಟೇ ಇರುತ್ತವೆ.

ಈ ಘಟನೆಯ ಬಗ್ಗೆ ಅಂತಾರಾಷ್ಟ್ರೀಯ ನ್ಯಾಯಾಲಯಗಳು ತೀರ್ಪು ಕೊಟ್ಟಿವೆ. ಅಪರಾಧಿಗಳಿಗೆ ಜೀವಾವಧಿ ಶಿಕ್ಷೆಯೂ ಆಗಿದೆ. ಆದರೂ ಅದೇ ಊರಿನಿಂದ ಕೆಲವು ಕಿಲೋಮೀಟರ್ ದೂರದಲ್ಲಿ ‘ಅಂಥದ್ದೇನೂ ಆಗಿಲ್ಲ’ ಎನ್ನುವವರಿದ್ದಾರೆ. ನ್ಯಾಯಾಲಯ ಸತ್ಯವೆಂದು ಬರೆದಿಟ್ಟದ್ದು ಜನರ ಮನಸ್ಸಿನಲ್ಲಿ ಸತ್ಯವಾಗಿ ಉಳಿಯುವುದಿಲ್ಲವೇಕೆ? ಒಂದು ದೇಶದ ದೊಡ್ಡ ನೋವನ್ನು ಯಾರು ಕಾಪಾಡುತ್ತಾರೆ, ಯಾರು ಅಳಿಸುತ್ತಾರೆ? ಸ್ರೆಬ್ರೆನಿತ್ಸಾದ ಚರಿತ್ರೆಯನ್ನು ಮುಂದಿಟ್ಟು ಇದನ್ನು ಸ್ವಲ್ಪ ಯೋಚಿಸೋಣ.

ನಡೆದದ್ದೇನು?

ಯುಗೊಸ್ಲಾವಿಯಾ ಒಡೆದು ಹೋಳಾಗುತ್ತಿದ್ದಾಗ, 1992ರ ಏಪ್ರಿಲ್‌ನಲ್ಲಿ ಬೋಸ್ನಿಯಾದಲ್ಲಿ ಯುದ್ಧ ಶುರುವಾಯಿತು. ಅಲ್ಲಿ ಬೋಸ್ನಿಯಾಕ್ ಮುಸ್ಲಿಮರು, ಆರ್ಥೊಡಾಕ್ಸ್ ಕ್ರೈಸ್ತರಾದ ಸರ್ಬರು, ಕ್ಯಾಥೊಲಿಕರಾದ ಕ್ರೊಯೇಟರು ಅಕ್ಕಪಕ್ಕದ ಮನೆಗಳಲ್ಲಿ ಬದುಕಿದ್ದರು. ಆಡುತ್ತಿದ್ದ ಭಾಷೆಯೂ ಹೆಚ್ಚುಕಡಿಮೆ ಒಂದೇ. ಸರ್ಬ್ ಸೈನ್ಯ ಪೂರ್ವ ಬೋಸ್ನಿಯಾದ ಊರುಗಳನ್ನು ಹಿಡಿಯುತ್ತಾ ಬಂದಂತೆ ಅಲ್ಲಿನ ಮುಸ್ಲಿಮರು ಓಡಿ ಬಂದು ಸ್ರೆಬ್ರೆನಿತ್ಸಾ ಪಟ್ಟಣದಲ್ಲಿ ಸೇರಿಕೊಂಡರು. 1993ರ ಏಪ್ರಿಲ್‌ನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಆ ಪಟ್ಟಣವನ್ನು ‘ಸುರಕ್ಷಿತ ಪ್ರದೇಶ’ ಎಂದು ಘೋಷಿಸಿತು. ಕೊನೆಯ ಹಂತದಲ್ಲಿ ಕಾವಲಿಗಿದ್ದವರು ನೆದರ್‌ಲೆಂಡ್ಸ್‌ನ ಶಾಂತಿಪಾಲಕ ಸೈನಿಕರು.

1995ರ ಜುಲೈ 11ರಂದು ಜನರಲ್ ರಾತ್ಕೊ ಮ್ಲಾದಿಚ್‌ನ ಸೈನ್ಯ ಪಟ್ಟಣಕ್ಕೆ ನುಗ್ಗಿತು. ಹೆಂಗಸರು, ಮಕ್ಕಳು, ಮುದುಕರು ಸೇರಿ ಸುಮಾರು 25 ಸಾವಿರ ಜನ ಪೊಟೊಚಾರಿಯ ಶಾಂತಿಪಾಲಕರ ನೆಲೆಯ ಒಳಗೂ ಸುತ್ತಮುತ್ತಲೂ ಆಶ್ರಯ ಬೇಡಿ ಸೇರಿದರು. ಅಲ್ಲಿ ಗಂಡಸರನ್ನೂ ಹುಡುಗರನ್ನೂ ಬೇರ್ಪಡಿಸಿದರು. ಇನ್ನೂ ಸಾವಿರಾರು ಗಂಡಸರು ಕಾಡಿನ ದಾರಿಯಲ್ಲಿ ಪಾರಾಗಲು ಹೊರಟು ಸಿಕ್ಕಿಬಿದ್ದರು. ಕೆಲವೇ ದಿನಗಳಲ್ಲಿ 8 ಸಾವಿರಕ್ಕೂ ಹೆಚ್ಚು ಗಂಡಸರು ಮತ್ತು ಹುಡುಗರು ಕೊಲ್ಲಲ್ಪಟ್ಟರು.

ಕೊಂದದ್ದು ಸಾಲದೆಂದು ಮುಚ್ಚಿಡುವ ಕೆಲಸವೂ ನಡೆಯಿತು. ಅದೇ ವರ್ಷ ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಸಾಮೂಹಿಕ ಗುಂಡಿಗಳನ್ನು ಯಂತ್ರಗಳಿಂದ ಅಗೆದು, ಶವಗಳನ್ನು ಲಾರಿಗಳಲ್ಲಿ ತುಂಬಿ ದೂರದ ಬೇರೆ ಗುಂಡಿಗಳಿಗೆ ಸಾಗಿಸಿದರು. ಹೀಗಾಗಿ ಒಬ್ಬನೇ ಮನುಷ್ಯನ ಎಲುಬುಗಳು ಎರಡು ಮೂರು ಕಡೆ ಸಿಕ್ಕಿವೆ. ಸತ್ಯವನ್ನು ಅಳಿಸುವ ಪ್ರಯತ್ನ ಕೊಲೆಯಾದ ಬೆನ್ನಲ್ಲೇ ಶುರುವಾಯಿತು ಎಂಬುದನ್ನು ನಾವು ಮರೆಯಬಾರದು.

ನ್ಯಾಯಾಲಯ ಮಾಡಿದ ಉಪಕಾರ

ಯುಗೊಸ್ಲಾವಿಯಾದ ಯುದ್ಧಾಪರಾಧಗಳ ವಿಚಾರಣೆಗೆಂದು ವಿಶ್ವಸಂಸ್ಥೆ 1993ರಲ್ಲಿ ಹೇಗ್ ನಗರದಲ್ಲಿ ವಿಶೇಷ ನ್ಯಾಯಮಂಡಳಿ ಸ್ಥಾಪಿಸಿತು. 2017ರ ಕೊನೆಗೆ ಅದು ಬಾಗಿಲು ಮುಚ್ಚುವ ಹೊತ್ತಿಗೆ 161 ಮಂದಿಯ ಮೇಲೆ ಆರೋಪ ಹೊರಿಸಿ, 90 ಮಂದಿಗೆ ಶಿಕ್ಷೆ ವಿಧಿಸಿತ್ತು.

ಸ್ರೆಬ್ರೆನಿತ್ಸಾದ ಬಗ್ಗೆ ಮೊದಲು ಬಾಯಿಬಿಟ್ಟವರಲ್ಲಿ ಒಬ್ಬ ಕೊಂದವರ ಗುಂಪಿನ ಸೈನಿಕನೇ. ದ್ರಾಜೆನ್ ಎರ್ದೆಮೊವಿಚ್ ಎಂಬ ಈತ 1996ರಲ್ಲಿ ನ್ಯಾಯಮಂಡಳಿಯ ಮುಂದೆ ತಪ್ಪೊಪ್ಪಿಕೊಂಡು, ಬ್ರಾನ್ಯೆವೊ ಎಂಬ ಹೊಲದಲ್ಲಿ ನೂರಾರು ಜನರನ್ನು ಗುಂಡಿಟ್ಟು ಕೊಂದದ್ದನ್ನು ವಿವರಿಸಿದ. 2001ರ ಆಗಸ್ಟ್ 2ರಂದು ಜನರಲ್ ರಾದಿಸ್ಲಾವ್ ಕ್ರಿಸ್ತಿಚ್ ಪ್ರಕರಣದ ತೀರ್ಪು ಬಂತು. ಸ್ರೆಬ್ರೆನಿತ್ಸಾದಲ್ಲಿ ನಡೆದದ್ದು ಜನಾಂಗಹತ್ಯೆ ಎಂದು ನ್ಯಾಯಮಂಡಳಿ ಮೊದಲ ಬಾರಿಗೆ ಹೇಳಿತು. 2004ರಲ್ಲಿ ಮೇಲ್ಮನವಿ ಪೀಠ ಆತನ ಶಿಕ್ಷೆಯನ್ನು 46 ವರ್ಷದಿಂದ 35 ವರ್ಷಕ್ಕೆ ಇಳಿಸಿತಾದರೂ ‘ಜನಾಂಗಹತ್ಯೆ’ ಎಂಬ ನಿರ್ಣಯವನ್ನು ಎತ್ತಿಹಿಡಿಯಿತು. ಸರ್ಬರ ರಾಜಕೀಯ ನಾಯಕ ರಾದೊವಾನ್ ಕರಾಜಿಚ್‌ಗೆ 2019ರಲ್ಲಿ, ಮ್ಲಾದಿಚ್‌ಗೆ 2021ರಲ್ಲಿ ಜೀವಾವಧಿ ಶಿಕ್ಷೆ ಅಂತಿಮವಾಯಿತು.

2005ರ ಜೂನ್‌ನಲ್ಲಿ ಸರ್ಬಿಯಾದ ಮಾಜಿ ಅಧ್ಯಕ್ಷ ಸ್ಲೊಬೊದಾನ್ ಮಿಲೊಶೆವಿಚ್‌ನ ವಿಚಾರಣೆಯಲ್ಲಿ ಒಂದು ವಿಡಿಯೊ ತೋರಿಸಲಾಯಿತು. ‘ಸ್ಕಾರ್ಪಿಯನ್ಸ್’ ಎಂಬ ಪಡೆಯವರು ಸ್ರೆಬ್ರೆನಿತ್ಸಾದ ಆರು ಮಂದಿಯನ್ನು ಗುಂಡಿಟ್ಟು ಕೊಲ್ಲುವುದನ್ನು ತಾವೇ ಚಿತ್ರೀಕರಿಸಿದ್ದರು. ಅದು ಸರ್ಬಿಯಾದ ಟಿವಿಗಳಲ್ಲೂ ಪ್ರಸಾರವಾಯಿತು. ಹತ್ತು ವರ್ಷ ‘ಎಲ್ಲ ಸುಳ್ಳು’ ಎನ್ನುತ್ತಿದ್ದ ಎಷ್ಟೋ ಮನೆಗಳಲ್ಲಿ ಆ ದಿನ ಮಾತು ನಿಂತಿತು. ಸಾಕ್ಷಿಯನ್ನು ಕರೆಸಿ, ದಾಖಲೆಯನ್ನು ತರಿಸಿ ಎಲ್ಲರ ಮುಂದಿಡುವ ಈ ಶಕ್ತಿ ನ್ಯಾಯಾಲಯಕ್ಕಲ್ಲದೆ ಬೇರೆ ಯಾರಿಗೂ ಇರಲಿಲ್ಲ.

ಗುರುತು ಸಿಗದ ಗಂಡನ ಹೆಂಡತಿ

ಕಾನೂನಿನ ಮಾತು ಮನೆಯೊಳಗೆ ಎಷ್ಟು ಮುಖ್ಯ ಎಂಬುದು ನಮ್ಮ ಓದುಗರಿಗೆ ಹೊಸದಲ್ಲ. ನಮ್ಮ ಫಿಕ್‌ಹ್ ಗ್ರಂಥಗಳಲ್ಲಿ ‘ಮಫ್‌ಕೂದ್’, ಅಂದರೆ ನಾಪತ್ತೆಯಾದವನ ಬಗ್ಗೆ ಪ್ರತ್ಯೇಕ ಚರ್ಚೆಯೇ ಇದೆ. ಗಂಡ ಬದುಕಿದ್ದಾನೋ ಇಲ್ಲವೋ ತಿಳಿಯದಿದ್ದರೆ ಹೆಂಡತಿಗೆ ಇದ್ದಾ ಯಾವಾಗ ಶುರುವಾಗುತ್ತದೆ? ಆತನ ಆಸ್ತಿಯನ್ನು ವಾರಸುದಾರರಿಗೆ ಯಾವಾಗ ಹಂಚಬೇಕು? ಮದ್‌ಹಬ್‌ಗಳ ನಡುವೆ ಇದರಲ್ಲಿ ಅಭಿಪ್ರಾಯ ಭೇದಗಳಿವೆ. ಮಾಲಿಕಿ ಮದ್‌ಹಬ್‌ನ ನಾಲ್ಕು ವರ್ಷದ ಗಡುವನ್ನು ಭಾರತದ ಹನಫಿ ಉಲಮಾಗಳೂ ಕಷ್ಟಕ್ಕೆ ಸಿಲುಕಿದ ಹೆಂಗಸರಿಗಾಗಿ ಒಪ್ಪಿಕೊಂಡರು. ನಮ್ಮ ದೇಶದ 1939ರ ಮುಸ್ಲಿಂ ವಿವಾಹ ವಿಸರ್ಜನೆ ಕಾಯ್ದೆಯಲ್ಲೂ ನಾಲ್ಕು ವರ್ಷ ಗಂಡನ ಸುಳಿವಿಲ್ಲದಿದ್ದರೆ ಹೆಂಡತಿ ನ್ಯಾಯಾಲಯಕ್ಕೆ ಹೋಗಬಹುದೆಂದು ಇದೆ. ಕಾಣೆಯಾದವನ ವಿಷಯದಲ್ಲಿ ಯಾರಾದರೊಬ್ಬರು ಅಧಿಕಾರದಿಂದ ಒಂದು ಮಾತು ಹೇಳದೆ ಆ ಮನೆಯವರ ಬದುಕು ಮುಂದೆ ಸಾಗುವುದಿಲ್ಲ.

ಸ್ರೆಬ್ರೆನಿತ್ಸಾದ ಸಾವಿರಾರು ಹೆಂಗಸರು ಹಲವು ವರ್ಷ ಇದೇ ಸ್ಥಿತಿಯಲ್ಲಿದ್ದರು. ತಾವು ಹೆಂಡತಿಯರೋ ವಿಧವೆಯರೋ ಅವರಿಗೇ ಗೊತ್ತಿರಲಿಲ್ಲ. ‘ಗಂಡಸರನ್ನು ಎಲ್ಲೋ ಗಣಿಗಳಲ್ಲಿ ದುಡಿಸುತ್ತಿದ್ದಾರಂತೆ’ ಎಂಬಂಥ ಗಾಳಿಮಾತುಗಳನ್ನು ನಂಬಿ ಕಾಯುವುದೊಂದೇ ಉಳಿದಿತ್ತು. ಕಾಣೆಯಾದವರನ್ನು ಹುಡುಕುವ ಅಂತಾರಾಷ್ಟ್ರೀಯ ಆಯೋಗ ಬಂಧುಗಳ ರಕ್ತದ ಮಾದರಿ ಸಂಗ್ರಹಿಸಿ, ಎಲುಬುಗಳ ಡಿಎನ್‌ಎಗೆ ಹೋಲಿಸಿ ನೋಡಿತು. ಹೀಗೆ ಈವರೆಗೆ ಸುಮಾರು 7 ಸಾವಿರ ಮಂದಿಯ ಗುರುತು ಪತ್ತೆಯಾಗಿದೆ. 2003ರ ಮಾರ್ಚ್ 31ರಂದು ಮೊದಲ 600 ಮಂದಿಯನ್ನು ಪೊಟೊಚಾರಿಯಲ್ಲಿ ದಫನ ಮಾಡಿದರು.

ಆದರೆ ನ್ಯಾಯಾಲಯಕ್ಕೆ ಬೇಕಾದದ್ದೂ ತಾಯಿಗೆ ಬೇಕಾದದ್ದೂ ಒಂದೇ ಅಲ್ಲ. ಸಾಮೂಹಿಕ ಗುಂಡಿಗಳಲ್ಲಿ ಸಿಕ್ಕಿದ ಗುರುತಿನ ಚೀಟಿ, ಫೋಟೊ, ಬಟ್ಟೆಗಳಂಥ ನೂರಾರು ವಸ್ತುಗಳನ್ನು ಹೇಗ್‌ಗೆ ಒಯ್ದಿದ್ದರು. ಕೇಸಿಗೆ ಇನ್ನು ಅಗತ್ಯವಿಲ್ಲ, ಇಟ್ಟುಕೊಂಡರೆ ಆರೋಗ್ಯಕ್ಕೆ ಅಪಾಯ ಎಂಬ ಕಾರಣಕ್ಕೆ ಅವುಗಳನ್ನು ನಾಶಪಡಿಸಿದ್ದು ಆಮೇಲೆ ಬಯಲಾಯಿತು. ಕಚೇರಿಗೆ ಅದು ಕೆಲಸ ಮುಗಿದ ಸಾಕ್ಷ್ಯ. ತಾಯಿಗೆ ಮಗನ ಅಂಗಿ. ಮನೆಯೂ ಸುಟ್ಟು, ಫೋಟೊಗಳೂ ಇಲ್ಲದ ಆ ಹೆಂಗಸರಿಗೆ ಇದು ಎರಡನೇ ಬಾರಿ ಕಳಕೊಂಡ ಹಾಗಾಯಿತು.

ತೀರ್ಪು ಕಾಣದ ಭಾಗ

ನ್ಯಾಯದ ಬಗ್ಗೆ ಪ್ರವಾದಿ(ಸ)ಯವರು ಕಲಿಸಿದ ಒಂದು ದೊಡ್ಡ ಪಾಠ ಉಮ್ಮು ಸಲಮಾ(ರ) ಅವರ ವರದಿಯಲ್ಲಿದೆ. ತಾವು ಮನುಷ್ಯರೆಂದೂ, ವಾದಿ ಪ್ರತಿವಾದಿಗಳಿಂದ ಕೇಳಿದ್ದರ ಆಧಾರದಲ್ಲಿ ತೀರ್ಪು ಕೊಡುವುದೆಂದೂ, ಯಾರಾದರೂ ಮಾತಿನ ಚಾತುರ್ಯದಿಂದ ಇನ್ನೊಬ್ಬನ ಹಕ್ಕನ್ನು ಪಡಕೊಂಡರೆ ಅದು ಬೆಂಕಿಯ ತುಂಡೆಂದೂ ಅವರು ಎಚ್ಚರಿಸಿದ್ದಾರೆ. ತೀರ್ಪು ನಿಲ್ಲುವುದು ಮುಂದೆ ಬಂದ ಸಾಕ್ಷ್ಯದ ಮೇಲೆ. ಮುಂದೆ ಬಾರದ ಸತ್ಯ ಅಲ್ಲಾಹನ ಬಳಿ ಹಾಗೆಯೇ ಇರುತ್ತದೆ.

ಬೋಸ್ನಿಯಾದಲ್ಲೂ ಹೀಗಾಯಿತು. ಮಿಲೊಶೆವಿಚ್ ತೀರ್ಪು ಬರುವ ಮುಂಚೆ, 2006ರ ಮಾರ್ಚ್ 11ರಂದು ಸೆರೆಯಲ್ಲೇ ಸತ್ತ. ನಾಲ್ಕು ವರ್ಷದ ವಿಚಾರಣೆ ಕೊನೆ ಮುಟ್ಟದೆ ನಿಂತಿತು. ಆ ಕೇಸಿಗಾಗಿ ಬೆಲ್‌ಗ್ರೇಡ್ ಸರ್ಕಾರ ತನ್ನ ಉನ್ನತ ರಕ್ಷಣಾ ಮಂಡಳಿಯ ಕಡತಗಳನ್ನು ಒಪ್ಪಿಸಿತ್ತಾದರೂ, ಕೆಲವು ಭಾಗಗಳನ್ನು ಗುಪ್ತವಾಗಿಡುವ ಅನುಮತಿ ಪಡೆದಿತ್ತು. 2007ರ ಫೆಬ್ರವರಿ 26ರಂದು ಅಂತಾರಾಷ್ಟ್ರೀಯ ನ್ಯಾಯಾಲಯ ಬೋಸ್ನಿಯಾ ಹೂಡಿದ ದಾವೆಯಲ್ಲಿ ತೀರ್ಪು ಕೊಟ್ಟಿತು. ಸ್ರೆಬ್ರೆನಿತ್ಸಾದಲ್ಲಿ ಜನಾಂಗಹತ್ಯೆ ನಡೆದದ್ದು ನಿಜ, ಅದನ್ನು ತಡೆಯುವ ಮತ್ತು ತಪ್ಪಿತಸ್ಥರನ್ನು ದಂಡಿಸುವ ಕರ್ತವ್ಯದಲ್ಲಿ ಸರ್ಬಿಯಾ ವಿಫಲವಾಯಿತು, ಆದರೆ ಸರ್ಬಿಯಾ ರಾಷ್ಟ್ರವೇ ಅದನ್ನು ನಡೆಸಿತೆಂದು ಸಾಬೀತಾಗಿಲ್ಲ ಎಂದಿತು. ಮುಚ್ಚಿಟ್ಟ ಪುಟಗಳನ್ನು ನ್ಯಾಯಾಧೀಶರು ತರಿಸಿ ನೋಡಲಿಲ್ಲ.

ಇನ್ನೊಂದು ಉದಾಹರಣೆ ಬಿಲ್ಯಾನಾ ಪ್ಲಾವ್ಶಿಚ್ ಎಂಬ ಸರ್ಬ್ ನಾಯಕಿಯದು. 2002ರಲ್ಲಿ ಆಕೆ ಮಾನವತೆಯ ವಿರುದ್ಧದ ಅಪರಾಧವನ್ನು ಒಪ್ಪಿಕೊಂಡಾಗ ಜನಾಂಗಹತ್ಯೆಯ ಆರೋಪವನ್ನು ಕೈಬಿಟ್ಟರು. ಆಕೆ ಪಶ್ಚಾತ್ತಾಪದ ಮಾತಾಡಿದಳು, ಜಗತ್ತು ಮೆಚ್ಚಿತು, 11 ವರ್ಷದ ಶಿಕ್ಷೆಯಾಯಿತು. ಕೇಸು ನಡೆಯದ ಕಾರಣ ಸಾಕ್ಷಿಗಳ ಬಾಯಿಗೆ ಬರಬೇಕಿದ್ದ ಎಷ್ಟೋ ಮಾತುಗಳು ಬರಲೇ ಇಲ್ಲ. ಮುಂದೆ ಆಕೆ ಆ ಪಶ್ಚಾತ್ತಾಪವನ್ನೇ ನಿರಾಕರಿಸಿದಳು. 2009ರಲ್ಲಿ ಬಿಡುಗಡೆಯಾದಾಗ ಸರ್ಬ್ ಪ್ರಾಂತದ ಸರ್ಕಾರಿ ವಿಮಾನದಲ್ಲಿ ಆಕೆಯನ್ನು ಗೌರವದಿಂದ ಕರೆತಂದರು.

‘ಜನಾಂಗಹತ್ಯೆ’ ಎಂಬ ಕಾನೂನಿನ ಪದದಿಂದಲೂ ಒಂದು ತೊಡಕು ಬಂತು. ಒಂದು ಸಮುದಾಯವನ್ನು ನಾಶಮಾಡುವ ಉದ್ದೇಶವಿತ್ತೆಂದು ಸಾಬೀತಾದರೆ ಮಾತ್ರ ಆ ಪದ ಸಲ್ಲುತ್ತದೆ. ಬೋಸ್ನಿಯಾದ ಯುದ್ಧದಲ್ಲಿ ಹೇಗ್ ನ್ಯಾಯಮಂಡಳಿ ಅದನ್ನು ಒಪ್ಪಿದ್ದು 1995ರ ಸ್ರೆಬ್ರೆನಿತ್ಸಾ ಹತ್ಯಾಕಾಂಡಕ್ಕೆ ಮಾತ್ರ. 1992ರಲ್ಲಿ ಪ್ರಿಯೆದೊರ್‌ನಲ್ಲಿ ಸರ್ಬರಲ್ಲದವರು ಮನೆಗಳ ಮೇಲೆ ಬಿಳಿ ಬಟ್ಟೆ ಕಟ್ಟಬೇಕೆಂದು ಆಜ್ಞೆಯಾಗಿತ್ತು. ಒಮಾರ್ಸ್ಕಾದಂಥ ಸೆರೆಶಿಬಿರಗಳಲ್ಲಿ ಜನರನ್ನು ಕೊಂದರು. ಫೋಚಾದಲ್ಲಿ ಹೆಂಗಸರ ಮೇಲೆ ನಡೆದ ಅತ್ಯಾಚಾರಗಳು ಮಾನವತೆಯ ವಿರುದ್ಧದ ಅಪರಾಧವೆಂದು 2001ರಲ್ಲಿ ತೀರ್ಪಾಯಿತು. ಇವೆಲ್ಲ ಘೋರ ಅಪರಾಧಗಳೆಂದು ಸಾಬೀತಾಗಿವೆ. ಆದರೂ ಆ ಒಂದು ಪದ ಸಿಗದ ಕಾರಣ ಲೋಕದ ನೆನಪಿನಲ್ಲಿ ಅವು ಹಿಂದಕ್ಕೆ ಸರಿದವು. ಪ್ರಿಯೆದೊರ್‌ನಲ್ಲಿ ಕೊಲ್ಲಲ್ಪಟ್ಟ 102 ಮಕ್ಕಳ ಹೆಸರಿನಲ್ಲಿ ಸ್ಮಾರಕ ಬೇಕೆಂದು ಹೆತ್ತವರು ಪ್ರತಿ ಮೇ 31ರಂದು ತೋಳಿಗೆ ಬಿಳಿ ಪಟ್ಟಿ ಕಟ್ಟಿ ಬೀದಿಗಿಳಿಯುತ್ತಾರೆ.

ರಾಜಕೀಯ ಮಾಡಿದ ಕೆಲಸ

1995ರ ಕೊನೆಗೆ ಡೇಟನ್ ಒಪ್ಪಂದದಿಂದ ಯುದ್ಧ ನಿಂತಿತು, ದೇಶದೊಳಗೆ ಎರಡು ಘಟಕಗಳಾದವು. ಸ್ರೆಬ್ರೆನಿತ್ಸಾ ಸೇರಿದ್ದು ಸರ್ಬರ ಆಡಳಿತವಿರುವ ರಿಪಬ್ಲಿಕಾ ಸರ್ಪ್‌ಸ್ಕಾ ಘಟಕಕ್ಕೆ. ಮಕ್ಕಳ ಇತಿಹಾಸ ಪಾಠವೂ ಘಟಕಕ್ಕೊಂದು ರೀತಿಯಾಯಿತು. ಒಂದೇ ಘಟನೆ ಒಂದು ಶಾಲೆಯಲ್ಲಿ ಒಂದು ಥರ, ನದಿಯಾಚೆ ಇನ್ನೊಂದು ಥರ.

2004ರಲ್ಲಿ ಅದೇ ಘಟಕದ ಸರ್ಕಾರ ನೇಮಿಸಿದ ಆಯೋಗವೊಂದು ಸಾವಿರಾರು ಮುಸ್ಲಿಮರ ಕೊಲೆಯನ್ನು ಒಪ್ಪಿಕೊಂಡು ವರದಿ ಕೊಟ್ಟಿತು. ಅಂದಿನ ಅಧ್ಯಕ್ಷ ದ್ರಾಗಾನ್ ಚಾವಿಚ್ ಟಿವಿಯಲ್ಲಿ ಬಂದು ಇದು ಸರ್ಬ್ ಚರಿತ್ರೆಯ ಕಪ್ಪು ಪುಟ ಎಂಬರ್ಥದಲ್ಲಿ ಮಾತಾಡಿದರು. ಅದು ನೆನಪಿಡಬೇಕಾದ ಧೈರ್ಯ. ಆದರೆ 2018ರ ಆಗಸ್ಟ್‌ನಲ್ಲಿ, ಚುನಾವಣೆಗೆ ಕೆಲವೇ ವಾರಗಳಿರುವಾಗ, ಆ ಘಟಕದ ಶಾಸನಸಭೆ ಅದೇ ವರದಿಯನ್ನು ರದ್ದು ಮಾಡಿತು. ಹದಿನಾಲ್ಕು ವರ್ಷದಲ್ಲಿ ಸಾಕ್ಷ್ಯವೇನೂ ಕಡಿಮೆಯಾಗಿರಲಿಲ್ಲ, ಇನ್ನಷ್ಟು ಹೆಚ್ಚಿತ್ತು. ಬದಲಾದದ್ದು ಮತದ ಲೆಕ್ಕಾಚಾರ.

2016ರ ಮಾರ್ಚ್‌ನಲ್ಲಿ, ಕರಾಜಿಚ್ ಮೇಲಿನ ತೀರ್ಪಿಗೆ ಕೆಲವೇ ದಿನ ಮುಂಚೆ, ಪಾಲೆ ಎಂಬ ಊರಿನ ವಿದ್ಯಾರ್ಥಿ ನಿಲಯಕ್ಕೆ ಅವನ ಹೆಸರಿಟ್ಟರು. ಆ ಫಲಕ ಇಳಿದದ್ದು 2020ರ ಡಿಸೆಂಬರ್‌ನಲ್ಲಿ. 2021ರ ಜುಲೈನಲ್ಲಿ ಬೋಸ್ನಿಯಾದ ಅಂತಾರಾಷ್ಟ್ರೀಯ ಪ್ರತಿನಿಧಿ ವಾಲೆಂಟಿನ್ ಇಂಜ್ಕೊ ತಮ್ಮ ವಿಶೇಷ ಅಧಿಕಾರ ಬಳಸಿ, ಜನಾಂಗಹತ್ಯೆಯನ್ನು ನಿರಾಕರಿಸುವುದೇ ಅಪರಾಧವೆಂದು ಕಾನೂನು ತಂದರು. ಸರ್ಬ್ ಪಕ್ಷಗಳು ರಾಷ್ಟ್ರೀಯ ಸಂಸ್ಥೆಗಳನ್ನು ಬಹಿಷ್ಕರಿಸಿದವು. ಕಾನೂನಿಗೆ ಬಾಯಿ ಮುಚ್ಚಿಸುವ ಶಕ್ತಿ ಇರಬಹುದು, ಮನಸ್ಸು ತಿರುಗಿಸುವ ಶಕ್ತಿ ಅದಕ್ಕಿಲ್ಲ.

ದೂರದ ದೇಶಗಳೂ ಈ ನೆನಪಿನಿಂದ ತಪ್ಪಿಸಿಕೊಳ್ಳಲಾಗಲಿಲ್ಲ. 2002ರಲ್ಲಿ ತನಿಖಾ ವರದಿಯೊಂದು ಹೊರಬಂದಾಗ ನೆದರ್‌ಲೆಂಡ್ಸ್‌ನ ಪ್ರಧಾನಿ ವಿಮ್ ಕೊಕ್ ಅವರ ಸರ್ಕಾರ ರಾಜೀನಾಮೆ ಕೊಟ್ಟಿತು. 2019ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ತಮ್ಮ ನೆಲೆಯಿಂದ ಹೊರಗೆ ಕಳಿಸಿದ ಸುಮಾರು 350 ಗಂಡಸರ ಸಾವಿಗೆ ಸರ್ಕಾರವೂ ಹೊಣೆ, ಆದರೆ ಶೇ. 10ರಷ್ಟು ಮಾತ್ರ ಎಂದು ಹೇಳಿತು. ಅವರನ್ನು ನೆಲೆಯಲ್ಲೇ ಇಟ್ಟುಕೊಂಡಿದ್ದರೆ ಬದುಕುವ ಸಾಧ್ಯತೆ ಎಷ್ಟಿತ್ತೆಂಬ ಅಂದಾಜಿನ ಮೇಲೆ ಆ ಲೆಕ್ಕ. ನ್ಯಾಯಾಧೀಶರಿಗೆ ಲೆಕ್ಕ ಬೇಕೇ ಬೇಕು. ಆದರೆ ಮಗನ ಸಾವಿನಲ್ಲಿ ಹತ್ತರಲ್ಲೊಂದು ಪಾಲು ಎಂದರೇನೆಂದು ತಾಯಿಗೆ ಅರ್ಥವಾಗುವುದು ಕಷ್ಟ.

2015ರಲ್ಲಿ ಭದ್ರತಾ ಮಂಡಳಿಯಲ್ಲಿ ಇದನ್ನು ಜನಾಂಗಹತ್ಯೆಯೆಂದು ಖಂಡಿಸುವ ನಿರ್ಣಯವನ್ನು ರಷ್ಯಾ ವೀಟೊ ಮಾಡಿತು. 2024ರ ಮೇ 23ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಜುಲೈ 11ನ್ನು ಸ್ರೆಬ್ರೆನಿತ್ಸಾ ಸ್ಮರಣೆಯ ದಿನವೆಂದು ಘೋಷಿಸಿತು. ಪರವಾಗಿ 84, ವಿರುದ್ಧ 19, ತಟಸ್ಥ 68. ಕೋರ್ಟುಗಳಲ್ಲಿ ಸಾಬೀತಾದ ಸತ್ಯವನ್ನೂ ಮತಕ್ಕೆ ಹಾಕಿ ಎಣಿಸಬೇಕಾಯಿತು.

ನಮಗಿರುವ ಪಾಠ

ಸಹೋದರ ಸಹೋದರಿಯರೇ, ಇದನ್ನು ಓದಿ ಬರೀ ನಿಟ್ಟುಸಿರು ಬಿಟ್ಟರೆ ಪ್ರಯೋಜನವಿಲ್ಲ. ಸೂರಃ ಅನ್ನಿಸಾದ 135ನೇ ವಚನ ನಮ್ಮ ವಿರುದ್ಧ, ನಮ್ಮ ಹೆತ್ತವರ ವಿರುದ್ಧ, ಬಂಧುಗಳ ವಿರುದ್ಧವಾದರೂ ಸರಿ, ನ್ಯಾಯದ ಸಾಕ್ಷಿಗಳಾಗಿ ನಿಲ್ಲಬೇಕೆಂದು ಆದೇಶಿಸುತ್ತದೆ. ಸೂರಃ ಅಲ್‌ಮಾಇದಾದ 8ನೇ ವಚನ ಒಂದು ಜನರ ಮೇಲಿನ ದ್ವೇಷ ನಮ್ಮನ್ನು ಅನ್ಯಾಯಕ್ಕೆ ತಳ್ಳಬಾರದೆಂದು ಎಚ್ಚರಿಸುತ್ತದೆ.

ಆದ್ದರಿಂದ ಈ ಚರಿತ್ರೆಯ ಇನ್ನೊಂದು ಪುಟವನ್ನೂ ನಾವೇ ತೆರೆಯಬೇಕು. ಚೆಲೆಬಿಚಿ ಎಂಬಲ್ಲಿ ಬೋಸ್ನಿಯಾಕರು ಮತ್ತು ಕ್ರೊಯೇಟರು ನಡೆಸುತ್ತಿದ್ದ ಶಿಬಿರದಲ್ಲಿ ಸರ್ಬ್ ಕೈದಿಗಳನ್ನು ಕೊಂದರು, ಹಿಂಸಿಸಿದರು. 1998ರಲ್ಲಿ ಹೇಗ್ ನ್ಯಾಯಮಂಡಳಿ ಅದಕ್ಕಾಗಿ ಮೂವರನ್ನು ಶಿಕ್ಷಿಸಿತು. ಸ್ರೆಬ್ರೆನಿತ್ಸಾ ಪಕ್ಕದ ಬ್ರಾತುನಾತ್ಸ್‌ನಲ್ಲಿ ಸರ್ಬ್ ತಾಯಂದಿರೂ ಪ್ರತಿ ಜುಲೈನಲ್ಲಿ ತಮ್ಮ ಸತ್ತವರನ್ನು ನೆನೆದು ಅಳುತ್ತಾರೆ. ಅವರ ಕಣ್ಣೀರನ್ನು ಒಪ್ಪಿಕೊಂಡರೆ 8 ಸಾವಿರ ಮಂದಿಯ ಕೊಲೆ ಹಗುರವಾಗುವುದಿಲ್ಲ. ಒಂದನ್ನು ಮುಂದಿಟ್ಟು ಇನ್ನೊಂದನ್ನು ಮುಚ್ಚುವುದು ರಾಜಕೀಯದವರ ಕೆಲಸ, ಸಾಕ್ಷಿಯದ್ದಲ್ಲ.

ಎರಡನೇ ಪಾಠ ಲೆಕ್ಕದ್ದು. ಯುದ್ಧ ಮುಗಿದಾಗ 2 ಲಕ್ಷಕ್ಕೂ ಹೆಚ್ಚು ಜನ ಸತ್ತರೆಂದು ಎಲ್ಲರೂ ಹೇಳುತ್ತಿದ್ದರು. ಸರಾಯೆವೊದ ಸಂಶೋಧನಾ ಕೇಂದ್ರವೊಂದು ಮನೆಮನೆಯ ಮಾಹಿತಿ ಸೇರಿಸಿ, ಒಂದೊಂದು ಹೆಸರನ್ನೂ ಪರಿಶೀಲಿಸಿ, 2007ರಲ್ಲಿ 97,207 ಹೆಸರುಗಳ ಲೆಕ್ಕ ಕೊಟ್ಟಿತು. ಅವರಲ್ಲಿ ಸುಮಾರು ಮೂರನೇ ಎರಡು ಪಾಲು ಬೋಸ್ನಿಯಾಕರು, ಸುಮಾರು ನಾಲ್ಕನೇ ಒಂದು ಪಾಲು ಸರ್ಬರು. ಸಂಖ್ಯೆ ಅರ್ಧಕ್ಕಿಳಿಯಿತೆಂದು ಕೆಲವರು ಸಿಟ್ಟಾದರು. ಆದರೆ ಅಂದಾಜಿನ 2 ಲಕ್ಷವನ್ನು ‘ಸುಳ್ಳು’ ಎಂದು ತಳ್ಳಿಹಾಕುವುದು ಸುಲಭ, ಹೆಸರು, ತಂದೆಯ ಹೆಸರು, ಊರು ಸಹಿತ ಬರೆದ 97 ಸಾವಿರವನ್ನು ತಳ್ಳಿಹಾಕುವುದು ಸುಲಭವಲ್ಲ. ಮೊಬೈಲಿಗೆ ಬಂದ ಯಾವುದೋ ದೇಶದ ಫೋಟೊವನ್ನು ಇನ್ಯಾವುದೋ ಘಟನೆಯದ್ದೆಂದು ಹಂಚುವವರು ಇದನ್ನು ನೆನಪಿಡಬೇಕು. ಒಂದು ಸುಳ್ಳು ಫೋಟೊ ನೂರು ನಿಜವಾದ ಸಾಕ್ಷಿಗಳ ಮಾತಿಗೆ ಬೆಲೆ ಇಲ್ಲದಂತೆ ಮಾಡುತ್ತದೆ.

ಮೂರನೇ ಪಾಠ ಮನೆಯದ್ದು. ಸರ್ಕಾರ ಬದಲಾದಾಗ ವರದಿ ರದ್ದಾಯಿತು, ಪಠ್ಯಪುಸ್ತಕ ಬೇರೆಯಾಯಿತು, ಕೋರ್ಟು ಬಾಗಿಲು ಮುಚ್ಚಿತು. ಆದರೂ ಸ್ರೆಬ್ರೆನಿತ್ಸಾದ ನೆನಪು ಅಳಿಯಲಿಲ್ಲ. ಯಾಕೆಂದರೆ ಅಲ್ಲಿನ ತಾಯಂದಿರು ಕೋರ್ಟಿಗೆ ಹೋದರು, ರಕ್ತದ ಮಾದರಿ ಕೊಟ್ಟರು, ಸಾಕ್ಷಿ ಹೇಳಿದರು, ಕೊಂದವರ ನಡುವೆಯೇ ವಾಪಸ್ಸು ಬಂದು ಮನೆ ಕಟ್ಟಿಕೊಂಡವರೂ ಇದ್ದಾರೆ. ಸೇಡಿಗಾಗಿ ಕೈಯೆತ್ತದೆ ಸತ್ಯಕ್ಕಾಗಿ ಪಟ್ಟು ಹಿಡಿದರು. 1993ರ ಮೇ 7ರಂದು ಸ್ಫೋಟಿಸಿ ಕೆಡವಿದ್ದ ಬಾನ್ಯಾ ಲೂಕಾದ ಫೆರ್‌ಹಾದಿಯಾ ಮಸೀದಿಯನ್ನೂ ಹೀಗೆಯೇ ಪಟ್ಟುಹಿಡಿದು, ಸಿಕ್ಕಿದಷ್ಟು ಹಳೆಯ ಕಲ್ಲುಗಳನ್ನು ಹುಡುಕಿ ತಂದು ಮತ್ತೆ ಕಟ್ಟಿದರು. 2016ರ ಮೇ 7ರಂದು ಅದು ಮತ್ತೆ ತೆರೆಯಿತು.

ನಮ್ಮ ಮನೆಗಳಲ್ಲೂ ಹಿರಿಯರು ಕಂಡದ್ದು, ಅನುಭವಿಸಿದ್ದು ಬೇಕಾದಷ್ಟಿದೆ. ಅಜ್ಜಿ ಹೇಳಿದ್ದನ್ನು ಮೊಮ್ಮಕ್ಕಳು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಇಸವಿ, ಊರು, ಹೆಸರು ಸರಿಯಾಗಿರಲಿ. ತಿಳಿದದ್ದನ್ನು ತಿಳಿದದ್ದೆಂದೂ ಕೇಳಿದ್ದನ್ನು ಕೇಳಿದ್ದೆಂದೂ ಬೇರೆಬೇರೆ ಬರೆಯಲಿ. ಹದೀಸ್ ವಿದ್ವಾಂಸರು ನಮಗೆ ಕಲಿಸಿಕೊಟ್ಟ ದಾರಿ ಇದೇ ಅಲ್ಲವೇ? ಕಷ್ಟಕಾಲದಲ್ಲಿ ಬಾಗಿಲು ತೆರೆದ ನೆರೆಮನೆಯವರ ಹೆಸರನ್ನೂ ಅದರಲ್ಲಿ ಸೇರಿಸಲು ಮರೆಯಬಾರದು. ಹಳೆಯ ಪತ್ರ, ರೇಶನ್ ಕಾರ್ಡ್, ಜಮೀನಿನ ಕಾಗದ ಯಾವುದನ್ನೂ ರದ್ದಿಗೆ ಹಾಕಬೇಡಿ.

ಸಾಕ್ಷ್ಯವನ್ನು ಮುಚ್ಚಿಡುವವನ ಹೃದಯ ಪಾಪದ್ದೆಂದು ಸೂರಃ ಅಲ್‌ಬಕರಾದ 283ನೇ ವಚನ ತಿಳಿಸುತ್ತದೆ. ಕೋರ್ಟಿನ ಕಟಕಟೆಯಲ್ಲಿ ನಿಲ್ಲುವ ಸಂದರ್ಭ ನಮ್ಮಲ್ಲಿ ಹೆಚ್ಚಿನವರಿಗೆ ಬಾರದೇ ಇರಬಹುದು. ಆದರೆ ಮಗು ಬಂದು ‘ಅಂದು ಏನಾಯಿತು?’ ಎಂದು ಕೇಳಿದಾಗ ಕೂಡಿಸದೆ, ಕಳೆಯದೆ, ದ್ವೇಷ ಬೆರೆಸದೆ ಉತ್ತರ ಕೊಡುವುದೂ ಸಾಕ್ಷಿ ಹೇಳುವುದೇ. ಅದಕ್ಕೆ ಬೇಕಾದ ಪ್ರಾಮಾಣಿಕತೆಯನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ, ಅನ್ಯಾಯವಾಗಿ ಪ್ರಾಣ ಕಳೆದುಕೊಂಡವರ ಮನೆಯವರಿಗೆ ಸಹನೆಯನ್ನು ನೀಡಲಿ. ಆಮೀನ್.